ಎಷ್ಟು ದಿಂಬು ಹಾಕ್ಕೊಂಡು ಮಲಗ್ತೀರಿ?

ಮನೆಯಲ್ಲೊಬ್ಬ ನರ್ಸ್ ಇದ್ದರೆ ಎಷ್ಟು ಅನುಕೂಲ ಅನ್ನುವವರು ಹಾಸನಕ್ಕೆ ಬಂದು ನಮ್ಮ ಮನೆಯಲ್ಲಿ ಎರಡು ದಿನ ಇದ್ದು ಹೋಗಲಿ.

ಅಣ್ಣನ ಮಗಳು ಇಂಗ್ಲೆಂಡಿಗೆ ಹೋಗಬೇಕು ಅಂತ ಓಇಟಿ ಪರೀಕ್ಷೆಗೆ ಕೂತಿದ್ದಾಳೆ. ಡಾಕ್ಟರು, ನರ್ಸುಗಳಿಗೆ ಅಂತಲೇ ಇರುವ ಇಂಗ್ಲಿಷ್ ಪರೀಕ್ಷೆ ಅದು. ಅದರಲ್ಲಿ ಎರಡು ರೋಲ್ ಪ್ಲೇ. ಕೈಗೊಂದು ಕಾರ್ಡ್ ಕೊಡ್ತಾರೆ, ಓದಿಕೊಳ್ಳೋಕೆ 3 ನಿಮಿಷ, ಆಮೇಲೆ ಸುಮಾರು 5 ನಿಮಿಷ ರೋಗಿಯ ವೇಷದಲ್ಲಿರುವವರನ್ನು ಮಾತಾಡಿಸಬೇಕು. ರೋಗದ ಜ್ಞಾನಕ್ಕೆ ಅಂಕ ಇಲ್ಲ, ಮಾತಾಡಿಸುವ ರೀತಿಗೆ ಅಂಕ. ಮನೆಯಲ್ಲಿ ರೋಗಿಯ ವೇಷ ಯಾರದು ಅಂತ ಬೇರೆ ಹೇಳಬೇಕಾ?

ಇವತ್ತು ಬೆಳಿಗ್ಗೆ ಕತ್ತು ಹಿಡ್ಕೊಂಡಿತ್ತು. "ಮುಲಾಮು ಎಲ್ಲಿದೆ ಪುಟ್ಟಿ?" ಅಂದೆ. ತಲೆ ಒಂದು ಕಡೆ ವಾಲಿಸಿ, "ಐ ಆಮ್ ಸಾರಿ ಟು ಹಿಯರ್ ದಟ್" ಅಂದಳು. ಆಮೇಲೆ ಶುರು. ಯಾವಾಗಿಂದ? ಚುಚ್ಚುತ್ತಾ, ಎಳೆಯುತ್ತಾ? ಭುಜಕ್ಕೂ ಇಳಿಯುತ್ತಾ? ಏನು ಮಾಡಿದರೆ ಕಡಿಮೆ ಆಗುತ್ತೆ? "ಮುಲಾಮು ಹಚ್ಚಿದರೆ" ಅಂದೆ. ಅದನ್ನೂ ಬರ್ಕೊಂಡಳು. 10ಕ್ಕೆ ಎಷ್ಟು ನೋವು ಅಂತ ಬೇರೆ. "6 ಇತ್ತು, ನಿನ್ನ ಹತ್ರ ಮಾತಾಡಿ 8 ಆಯ್ತು." ಮತ್ತೆ ತಲೆ ವಾಲಿತು.

ನಮ್ಮೂರ ಓಪಿಡಿಯಲ್ಲಾದರೆ "ಶುಗರ್ ಇದ್ಯಾ, ಬಿಪಿ ಇದ್ಯಾ" ಅಂತ ಕೇಳಿ, ಉತ್ತರ ಬರೋದರೊಳಗೆ ಚೀಟಿ ಕೈಗೆ. ಇವಳು ಹಾಗೆ ಕೇಳೋ ಹಾಗಿಲ್ಲ. "ನಿಮಗೆ ಶುಗರ್ ಇದೆ ಅಂತ ಯಾರಾದ್ರೂ ಯಾವಾಗ್ಲಾದ್ರೂ ಹೇಳಿದ್ದಾರಾ?" ಅಂತ ಮೆಲ್ಲಗೆ ಬರಬೇಕಂತೆ.

ಕಳೆದ ವಾರ ಅಮ್ಮನ ಸರದಿ. ಮಂಡಿನೋವು ಯಾವಾಗಿಂದ ಅಂತ ಕೇಳಿದಳು.

"ಹಾಸನಾಂಬೆ ಬಾಗಿಲು ಹಾಕಿದ ಮಾರನೇ ದಿನದಿಂದ."

"ಯಾವ ವರ್ಷ ಅಜ್ಜಿ?"

"ನಿಮ್ಮಪ್ಪ ಆಲೂಗಡ್ಡೆ ಹಾಕಿ ಕಳ್ಕೊಂಡನಲ್ಲ, ಆ ವರ್ಷ."

ಅದು ಪ್ರತಿ ವರ್ಷ.

ಅಷ್ಟಕ್ಕೇ ಬಿಡಬಹುದಿತ್ತು. "ರಾತ್ರಿ ಎಷ್ಟು ದಿಂಬು ಹಾಕ್ಕೊಂಡು ಮಲಗ್ತೀರಿ?" ಅಂದಳು. ಮೊಮ್ಮಗಳು ಬಹುವಚನ ಹಾಕಿದಾಗಲೇ ಅಮ್ಮನಿಗೆ ಅನುಮಾನ. ಈಗ ದಿಂಬಿನ ಲೆಕ್ಕ ಬೇರೆ. ಹಾರ್ಟ್ ವೀಕ್ ಇರುವವರಿಗೆ ಅಂಗಾತ ಮಲಗಿದರೆ ಉಸಿರು ಕಟ್ಟುತ್ತೆ, ದಿಂಬಿನ ಮೇಲೆ ದಿಂಬು ಏರಿಸ್ತಾ ಹೋಗ್ತಾರೆ, ಅದಕ್ಕೇ ಕೇಳೋದು. ಅಮ್ಮನಿಗೆ ಅದನ್ನು ಹೇಳಿದವರು ಯಾರು?

"ಒಂದೇ ಕಣೇ. ಇನ್ನೊಂದನ್ನ ನಿನ್ನ ಚಿಕ್ಕಮ್ಮ ಬಿಸಿಲಿಗೆ ಹಾಕ್ತೀನಿ ಅಂತ ತಗೊಂಡು ಹೋದೋಳು ಕೊಡ್ಲೇ ಇಲ್ಲ."

ಅಡುಗೆಮನೆಯಲ್ಲಿ ಪಾತ್ರೆ ಸದ್ದು ಜೋರಾಯಿತು. "ಆ ದಿಂಬು ಇಲಿ ಕಡಿದಿತ್ತು, ಅದಕ್ಕೇ ಎಸೆದೆ." "ನನ್ನ ತವರಿನ ಬೂರುಗದ ಹತ್ತಿ ಅದು!" ಪುಟ್ಟಿ ಇಬ್ಬರಿಗೂ ಒಂದೊಂದು ಐ ಆಮ್ ಸಾರಿ ಹಂಚಿದಳು.

ಕೊನೆಗೆ ಕಾರ್ಡ್ ನೋಡಿ, "ಈ ನೋವಿನ ಬಗ್ಗೆ ನಿಮಗೇನಾದ್ರೂ ಯೋಚನೆ ಇದ್ಯಾ?" ಅಂದಳು. ಅಮ್ಮ ಸೆರಗಿನ ತುದಿ ಸುತ್ತುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಾಲು ಪೂರ್ತಿ ನಿಂತೋದ್ರೆ ಸ್ನಾನ ಮಾಡಿಸೋರು ಯಾರು ಅಂತ." ಯಾವ ಆಸ್ಪತ್ರೆಯಲ್ಲೂ ಅವರು ಈ ಮಾತು ಆಡಿದವರಲ್ಲ. ಪುಟ್ಟಿಗೆ ಇಂಗ್ಲಿಷ್ ಮರೆತುಹೋಯಿತು. "ನಾನಿಲ್ವಾ ಅಜ್ಜಿ" ಅಂದುಬಿಟ್ಟಳು, ಇಂಗ್ಲೆಂಡಿಗೆ ಹೊರಟವಳು.

ಸಂಜೆ ಅಮ್ಮ ಸಕಲೇಶಪುರದಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿದ್ದು ನಮಗೆ ಗೊತ್ತಿರಲಿಲ್ಲ. ಮಾರನೇ ದಿನ ಬಸ್ಸಲ್ಲಿ ಎರಡು ದಪ್ಪ ದಿಂಬು ಬಂದವು. ಹಿಂದೆಯೇ ಅವಳ ಫೋನು:

"ಕವರಾದ್ರೂ ಇದ್ಯೇನೋ ಮನೇಲಿ, ಅದನ್ನೂ ನಾನೇ ಕಳಿಸ್ಲಾ?"