ಹತ್ತು ಹೆಣಕ್ಕೊಂದು ಬೋರ್ಡು

ಎಸ್ಸೆಸ್ಸೆಲ್ಸಿ ರಿಸಲ್ಟು ಬರೋದು ಬೇಸಿಗೆ ರಜೆಯಲ್ಲಿ. ಅಪಘಾತದ ರಿಸಲ್ಟು, ಅಂದರೆ ವರ್ಷದಲ್ಲಿ ರಸ್ತೆಯಲ್ಲಿ ಎಷ್ಟು ಜನ ಸತ್ತರು ಅನ್ನುವ ಪೊಲೀಸರ ಲೆಕ್ಕ, ಬರೋದು ಜನವರಿಯಲ್ಲಿ. ಎರಡಕ್ಕೂ ನಮ್ಮ ಮಂಡ್ಯದಲ್ಲಿ ಕೇಳುವ ಪ್ರಶ್ನೆ ಒಂದೇ: ಹೋದ ವರ್ಷಕ್ಕಿಂತ ಮೇಲಾ, ಕೆಳಗಾ?

ಈ ಸಲದ್ದನ್ನೂ ನೀವು ಪೇಪರಿನಲ್ಲಿ ಓದಿರುತ್ತೀರಿ. ಒಂದು ಕಡೆ ಹಿಂದಿನ ವರ್ಷ, ಪಕ್ಕದಲ್ಲಿ ಈ ವರ್ಷ. ಮೇಲೆ ದಪ್ಪ ಅಕ್ಷರದಲ್ಲಿ ‘ಗಣನೀಯ ಇಳಿಕೆ’. ಅಕಸ್ಮಾತ್ ಏರಿದ್ದರೆ ‘ವಾಹನಗಳ ಸಂಖ್ಯೆ ಹೆಚ್ಚಿದ್ದೇ ಕಾರಣ’. ಇಳಿದರೆ ಪೊಲೀಸರ ಶ್ರಮ, ಏರಿದರೆ ನಮ್ಮ ಗಾಡಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ಎರಡೂ ಕಡೆಯಿಂದ ಗೆಲ್ಲುವ ಇಂಥ ಲೆಕ್ಕವನ್ನು ಯಾವ ಪಠ್ಯಪುಸ್ತಕದಲ್ಲೂ ನೋಡಿರಲಿಲ್ಲ.

ದೇಶದ ಲೆಕ್ಕವನ್ನೇ ತೆಗೆದುಕೊಳ್ಳಿ. ರಸ್ತೆಯಲ್ಲಿ ಸತ್ತವರು 2022ರಲ್ಲಿ 1,68,491. 2023ರಲ್ಲಿ 1,72,890. ಇದನ್ನು ‘ಶೇ 2.6ರಷ್ಟು ಏರಿಕೆ’ ಅಂತ ಬರೆದರೆ ಉಳಿತಾಯ ಖಾತೆಯ ಬಡ್ಡಿ ಥರ ಕೇಳಿಸುತ್ತದೆ. ಯಾರಿಗೂ ಎದೆ ಝಲ್ಲೆನ್ನುವುದಿಲ್ಲ. 2011ರ ಜನಗಣತಿಯಲ್ಲಿ ಮಂಡ್ಯ ನಗರದ ಜನ ಸುಮಾರು 1.37 ಲಕ್ಷ. ಪೇಟೆ ಬೀದಿ, ಗುತ್ತಲು, ಕಲ್ಲಹಳ್ಳಿ, ಹೊಸಹಳ್ಳಿ ಎಲ್ಲಾ ಸೇರಿಸಿ. ಅಷ್ಟನ್ನೂ ಒಂದು ವರ್ಷದಲ್ಲಿ ಒರೆಸಿ ಹಾಕಿ, ಇನ್ನೂ ಮೂವತ್ತೈದು ಸಾವಿರ ಜನರನ್ನು ಅಕ್ಕಪಕ್ಕದ ಹಳ್ಳಿಗಳಿಂದ ಕರೆಸಬೇಕು. ಹೀಗೆ ಹೇಳಿದರೆ ಮಾತ್ರ ‘ಮೇಷ್ಟ್ರಿಗೆ ವಯಸ್ಸಾಯ್ತು’ ಅಂತಾರೆ.

ಇರಲಿ. ನನಗೆ ತುಂಬಾ ಹಿಡಿಸಿದ್ದು ಬ್ಲ್ಯಾಕ್ ಸ್ಪಾಟ್ ನಿಯಮ, ಅಂದರೆ ಪದೇ ಪದೇ ಅಪಘಾತ ಆಗುವ ಜಾಗವನ್ನು ಸರ್ಕಾರ ಗುರುತಿಸುವ ನಿಯಮ. ಯಾವುದೋ ಒಂದು ತಿರುವು ಅಪಾಯಕಾರಿ ಅಂತ ನಮ್ಮ ಅಜ್ಜಿಗೂ ಗೊತ್ತಿರುತ್ತದೆ. ಅಲ್ಲಿ ಮೇಯುವ ದನಕ್ಕೂ ಗೊತ್ತಿರುತ್ತದೆ. ಸರ್ಕಾರಕ್ಕೆ ಗೊತ್ತಾಗಬೇಕಾದರೆ ಮಾತ್ರ ಅರ್ಹತೆ ಬೇಕು. 500 ಮೀಟರ್ ರಸ್ತೆಯಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ಗಂಭೀರ ಗಾಯದ 5 ಅಪಘಾತ ಆಗಿರಬೇಕು. ಇಲ್ಲವೇ ಒಟ್ಟು 10 ಜನ ಸತ್ತಿರಬೇಕು. ರಾಷ್ಟ್ರೀಯ ಹೆದ್ದಾರಿಗೆ ಅಂತ ಮಾಡಿದ ನಿಯಮ ಇದು. ಈಗ ಸಣ್ಣಪುಟ್ಟ ಸರ್ಕಲ್ಲಿಗೂ ಇದೇ ಅಳತೆಗೋಲು ಹಿಡಿಯುತ್ತಾರೆ.

ನಾಲ್ಕೇ ಅಪಘಾತದಲ್ಲಿ ಒಂಬತ್ತು ಜನ ಸತ್ತರೆ? ಫೇಲು. ಎಸ್ಸೆಸ್ಸೆಲ್ಸಿ ಮಕ್ಕಳಿಗಾದರೆ 2024ರಲ್ಲಿ ಧಾರಾಳವಾಗಿ ಗ್ರೇಸ್ ಮಾರ್ಕ್ಸ್ ಕೊಟ್ಟರು. ರಸ್ತೆಗೆ ಆ ಭಾಗ್ಯ ಇಲ್ಲ. ಇನ್ನೊಂದು ವಿಷಯ ಗೊತ್ತಾ? ಅಪಘಾತವಾದ 30 ದಿನದೊಳಗೆ ಸತ್ತರೆ ಮಾತ್ರ ಅದು ಅಪಘಾತದ ಸಾವು. ಐಸಿಯುನಲ್ಲಿ ಮೂವತ್ತು ದಿನ ಎಳೆದಾಡಿ, ಮನೆಯವರು ಒಡವೆ ಅಡ ಇಟ್ಟು, ಮೂವತ್ತೊಂದನೇ ದಿನ ಬೆಳಿಗ್ಗೆ ಹೋದರೆ ಆ ಜೀವ ಪಟ್ಟಿಗೆ ಸೇರುವುದಿಲ್ಲ. ಹಾಜರಾತಿ ಕಮ್ಮಿ ಆಯ್ತು ಅಂತ ಪರೀಕ್ಷೆಗೆ ಕೂರಿಸದೆ ಕಳಿಸಿದ ಹಾಗೆ.

ಹಂಪ್ ವಿಷಯಕ್ಕೆ ಬರದೆ ಇದ್ದರೆ ಮಂಡ್ಯದವನು ಅನ್ನಿಸಿಕೊಳ್ಳಲಾರೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಕಡೆ ಹಂಪ್ ಹುಟ್ಟುವ ಬಗೆ ನಿಮಗೆ ಗೊತ್ತೇ ಇದೆ. ಊರ ಬಾಗಿಲಲ್ಲಿ ಯಾರೋ ಸಾಯುತ್ತಾರೆ. ಹೆಣ ರಸ್ತೆಗೆ ಬರುತ್ತದೆ. ಟೈರಿಗೆ ಬೆಂಕಿ ಬೀಳುತ್ತದೆ. ಜೀಪು ಬರುತ್ತದೆ, ಇನ್ನೊಂದು ದೊಡ್ಡ ಜೀಪು ಬರುತ್ತದೆ. ‘ಹಂಪ್ ಹಾಕ್ಸಿ, ಇಲ್ದಿದ್ರೆ ಎದ್ದೇಳಲ್ಲ.’ ರಾತ್ರಿಯೊಳಗೆ ಹಂಪ್ ಬಿದ್ದಿರುತ್ತದೆ. ಈ ದೇಶದಲ್ಲಿ ಕೇಳಿದ ದಿನವೇ ಆಗುವ ಸರ್ಕಾರಿ ಕೆಲಸ ಅಂದರೆ ಇದೊಂದೇ. ಅರ್ಜಿ ಜೊತೆ ಹೆಣ ಲಗತ್ತಿಸಬೇಕು, ಅಷ್ಟೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದಿದೆ. ಪಾರ್ಟಿ ಅಲ್ಲ, ಗಾಬರಿಯಾಗಬೇಡಿ. 1934ರಿಂದ ರಸ್ತೆಯ ಅಳತೆ ಹೇಳುವ ಸಂಸ್ಥೆ. ಅವರ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಗಾಡಿ ತೇಲಿಕೊಂಡು ಹತ್ತಿ ಇಳಿಯಬೇಕು. ಬಣ್ಣ ಇರಬೇಕು, ಮೊದಲೇ ಬೋರ್ಡು ಇರಬೇಕು. ನಮ್ಮದು ಬೇರೆ ವಿಧಾನ. ಎಲ್ಲೋ ಉಳಿದ ಟಾರನ್ನು ತಂದು ಸುರಿದು ಸಲಿಕೆಯಲ್ಲಿ ನಾಲ್ಕು ಸಲ ತಟ್ಟಿದರೆ ಮುಗಿಯಿತು. ಅಳತೆ ಕೇಳಬೇಡಿ. ಮುದ್ದೆಗೆ ಯಾರಾದರೂ ಅಳತೆ ಕೇಳುತ್ತಾರಾ?

ಅಂಥದ್ದೊಂದು ಮುದ್ದೆಯನ್ನು ನಾನೂ ಉಂಡಿದ್ದೇನೆ. ರಾತ್ರಿ ಎಂಟು ಗಂಟೆ. ಬೀದಿದೀಪ ಇರಲಿಲ್ಲ. ಸ್ಕೂಟರಿನ ಕೊಕ್ಕೆಯಲ್ಲಿ ಎರಡು ಪ್ಯಾಕೆಟ್ ಮೊಸರು. ಇದ್ದಕ್ಕಿದ್ದ ಹಾಗೆ ಸ್ಕೂಟರ್ ಮೇಲೆ ಹೋಯಿತು, ನಾನು ಪಕ್ಕಕ್ಕೆ ಹೋದೆ. ಜನ ಓಡಿ ಬಂದು ಎತ್ತಿದರು. ನಮ್ಮ ಜನ ಒಳ್ಳೆಯವರು, ನೀರು ಕುಡಿಸಿಯೇ ವಿಚಾರಣೆ ಶುರು ಮಾಡೋದು.

‘ಯಾವೂರು ಸಾ ನಿಮ್ದು?’

‘ಇಲ್ಲೇ, ಎರಡನೇ ಕ್ರಾಸು.’

‘ಇಲ್ಲೇ ಇದ್ಕಂಡು ಹಂಪ್ ಹಾಕವ್ರೆ ಅನ್ನೋದು ಗೊತ್ತಿಲ್ವಾ?’

‘ಯಾವಾಗ ಹಾಕಿದ್ದು?’

‘ಮದ್ಯಾನ.’

ತಪ್ಪು ನನ್ನದೇ. ಮನೆಗೆ ಹೋದೆ. ಮಂಡಿ ನೋಡುವ ಮೊದಲು ಮನೆಯವಳು ಪ್ಯಾಂಟ್ ನೋಡಿ ‘ಇದೇನ್ರೀ, ಮೊಸರು ಮೈಗೆ ಹಚ್ಕೊಂಡು ಬಂದಿದ್ದೀರಿ’ ಅಂದಳು. ಅದೇ ಹಂಪು ಐದಾರು ತಿಂಗಳ ಮೇಲೆ ಒಂದು ಬೆಳಿಗ್ಗೆ ಮಾಯವಾಗಿತ್ತು. ಯಾರೋ ದೊಡ್ಡವರು ಆ ದಾರಿಯಲ್ಲಿ ಬರುವವರಿದ್ದರಂತೆ. ಅವರ ಸೊಂಟಕ್ಕೆ ತೊಂದರೆ ಆಗಬಾರದಲ್ಲ. ಅವರು ಬಂದರು, ಹೋದರು. ಹಂಪು ಮತ್ತೆ ಬಂತು, ಎರಡು ಮಾರು ಆಚೆ. ಹಳೇ ಜಾಗ ಬಾಯಿಪಾಠ ಮಾಡಿಕೊಂಡಿದ್ದವರೆಲ್ಲ ಮತ್ತೆ ಮೊದಲಿಂದ ಬಿದ್ದರು.

ಅವತ್ತು ನಾನೇನಾದರೂ ಹೋಗಿಬಿಟ್ಟಿದ್ದರೆ ಪೇಪರಿನಲ್ಲಿ ಏನು ಬರುತ್ತಿತ್ತು ಅಂತ ಬಾಯಿಬಿಟ್ಟು ಹೇಳಬೇಕಾ? ‘ಸವಾರನ ನಿಯಂತ್ರಣ ತಪ್ಪಿ’. ಸತ್ತವನ ಕೈಯಲ್ಲಿ ಸದಾ ನಿಯಂತ್ರಣ ಇರುತ್ತದೆ, ಅದು ಸದಾ ತಪ್ಪುತ್ತದೆ. ಲಾರಿ ಯಾವಾಗಲೂ ‘ಯಮಸ್ವರೂಪಿ’. ಆಕ್ರಂದನ ಯಾವಾಗಲೂ ‘ಮುಗಿಲು ಮುಟ್ಟುತ್ತದೆ’. ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಅನ್ನೋದು ರಬ್ಬರ್ ಸ್ಟಾಂಪಿನ ಹಾಗೆ ಬೀಳುತ್ತದೆ. ರಸ್ತೆಯ ಮೇಲೆ ಕೇಸು ಬಿದ್ದಿದ್ದನ್ನು ಮಾತ್ರ ನಾನು ಕಂಡಿಲ್ಲ. ಗುಂಡಿ ನಿರಪರಾಧಿ. ದೀಪ ಇಲ್ಲದ ಕಂಬ ನಿರಪರಾಧಿ.

ನಾವೇನು ಸಾಚಾ ಅಂತ ಅಲ್ಲ. ಡಿಸೆಂಬರ್ ಬಂದರೆ ಹಳ್ಳಿ ರಸ್ತೆ ನಮಗೆ ಕಣ. ಹುರುಳಿ, ರಾಗಿ ತಂದು ಹರವುತ್ತೇವೆ. ರೋಣಗಲ್ಲು ಎಳೆಯೋ ಎತ್ತು ಎಲ್ಲಿವೆ ಈಗ? ಬೆಂಗಳೂರಿನವರು ಇಪ್ಪತ್ತು ಲಕ್ಷದ ಕಾರು ತಂದು ಬಿಟ್ಟಿಯಾಗಿ ಒಕ್ಕಿಕೊಟ್ಟು ಹೋಗುತ್ತಾರೆ. ಹಿಂದೆ ಬಂದ ಬೈಕಿನವನು ಹುರುಳಿ ಸೊಪ್ಪಿನ ಮೇಲೆ ಜಾರಿ ಬೀಳುತ್ತಾನೆ. ‘ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ’ ಅಂತ ಪ್ರತಿ ವರ್ಷ ಪ್ರಕಟಣೆ ಬರುತ್ತದೆ. ಕಣದ ಜಾಗ ಎಲ್ಲ ಸೈಟಾಗಿದೆಯಲ್ಲ, ಎಲ್ಲಿ ಮಾಡೋದು ಅಂತ ಪ್ರಕಟಣೆಯಲ್ಲಿ ಇರುವುದಿಲ್ಲ. ಇನ್ನು ಕಬ್ಬಿನ ಟ್ರ್ಯಾಕ್ಟರು. ಒಂದರ ಹಿಂದೆ ಒಂದು ಎರಡು ಟ್ರೈಲರು, ಎರಡರ ಮೇಲೂ ಆಕಾಶದವರೆಗೆ ಕಬ್ಬು. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ಹಾಡು ಮಾತ್ರ ಅರ್ಧ ಮೈಲಿಗೆ ಕೇಳಿಸುತ್ತದೆ. ಕತ್ತಲಲ್ಲಿ ಕಣ್ಣಿಗೆ ಕಾಣದ್ದು ಕಿವಿಗೆ ಕೇಳಲಿ ಅನ್ನುವ ಸುರಕ್ಷತಾ ಕ್ರಮ ಇರಬೇಕು.

ಹೆಲ್ಮೆಟ್ಟಿಗೆ ನಮ್ಮಲ್ಲಿ ಮೊಣಕೈಯೇ ಜಾಗ. ಇಡೀ ರಾಜ್ಯದಲ್ಲಿ ಮೊಣಕೈ ಇಷ್ಟು ಭದ್ರವಾಗಿರುವ ಜಿಲ್ಲೆ ಇನ್ನೊಂದಿಲ್ಲ. 2023ರಲ್ಲಿ ಹೆಲ್ಮೆಟ್ ಇಲ್ಲದೆ ದೇಶದಲ್ಲಿ ಸತ್ತವರು 54,568. ದಂಡ ಹಾಕಿದರೆ ಬುದ್ಧಿ ಬರುತ್ತದೆ ಅಂತೀರಾ? ದಂಡಕ್ಕೂ ಸೇಲ್ ಇದೆ ಸ್ವಾಮಿ. 2023ರ ಫೆಬ್ರುವರಿಯಲ್ಲಿ ಅರ್ಧಕ್ಕರ್ಧ ರಿಯಾಯಿತಿ. 2025ರಲ್ಲಿ ಮತ್ತೆ, ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ. ಸರಿಯಾಗಿ ಗೌರಿ-ಗಣೇಶ ಹಬ್ಬಕ್ಕೆ. ಬಾಗಿನದ ಜೊತೆ ಬಳೆ ಬಿಚ್ಚೋಲೆ, ಸಿಗ್ನಲ್ ಜಂಪಿಗೆ ಫಿಫ್ಟಿ ಪರ್ಸೆಂಟು. ಚಿಕ್ಕಪೇಟೆ ಆಷಾಢ ಸೇಲ್‌ಗೆ ಕಾದ ಹಾಗೆ ನಮ್ಮ ಹುಡುಗರು ಈಗ ಕಾಯುತ್ತಾರೆ. ‘ಈಗ್ಲೇ ಕಟ್ಬೇಡ ಮಗಾ, ಆಫರ್ ಬತ್ತದೆ.’

ಬೆಂಗಳೂರು-ಮೈಸೂರು ದಶಪಥದ ಬಗ್ಗೆ ಜಾಸ್ತಿ ಹೇಳೋದಿಲ್ಲ. 2023ರ ಮಾರ್ಚ್ 12ಕ್ಕೆ ಪ್ರಧಾನಿಗಳು ನಮ್ಮ ಮಂಡ್ಯಕ್ಕೇ ಬಂದು ಉದ್ಘಾಟಿಸಿದರು. 118 ಕಿಲೋಮೀಟರ್. ಅದೇ ವರ್ಷ ಜನ ಸಾಲುಸಾಲಾಗಿ ಸತ್ತರು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರನ್ನು ಆಚೆ ಹಾಕಿದರು. ಆಮೇಲೆ ಕ್ಯಾಮೆರಾ ಬಂತು. ಸಾವು ಕಡಿಮೆಯಾಯಿತು, ಸುಳ್ಳು ಹೇಳಬಾರದು. ಮನಸ್ಸು ಮಾಡಿದರೆ ಆಗುತ್ತದೆ ಅನ್ನೋದೇ ಇಲ್ಲಿ ಜಾಸ್ತಿ ಸಿಟ್ಟು ತರಿಸುವ ವಿಷಯ. ಬೇಲಿ ಹಾಕೋದು, ವೇಗ ನೋಡೋದು, ದಂಡ ಹಾಕೋದು, ಇದನ್ನೆಲ್ಲ ಉದ್ಘಾಟನೆಗೆ ಮುಂಚೆ ಮಾಡಬಾರದು ಅಂತ ಯಾವ ಶಾಸ್ತ್ರದಲ್ಲಿದೆ? ಮೊದಲು ರಿಬ್ಬನ್ನು, ಆಮೇಲೆ ಹೆಣ, ಆಮೇಲೆ ಕ್ಯಾಮೆರಾ.

ನಾಲೆ ವಿಷಯಕ್ಕೆ ಬಂದರೆ ನನಗೆ ತಮಾಷೆ ಮಾಡಲು ಆಗುವುದಿಲ್ಲ.

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದರು. ಅರ್ಧ ದಿನದ ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳು ಅದರಲ್ಲಿದ್ದರು. ಅದೇ ರಾತ್ರಿ ಅಂಬರೀಶ್ ಹೋದರು. ಮಾರನೇ ದಿನ ಇಡೀ ಜಿಲ್ಲೆ ವಿಶ್ವೇಶ್ವರಯ್ಯ ಸ್ಟೇಡಿಯಮ್ಮಿನಲ್ಲಿತ್ತು. ತಪ್ಪು ಅನ್ನೋದಿಲ್ಲ, ನಾನೂ ಸಾಲಿನಲ್ಲಿ ನಿಂತಿದ್ದೆ. ಆದರೆ ಆ ಮೂವತ್ತು ಮನೆಗಳ ಅಳು ನಮ್ಮ ಕಿವಿಗೆ ಬೇಗ ಕೇಳದ ಹಾಗಾಯಿತು. ನಾಲೆಗೆ ತಡೆಗೋಡೆ ಬೇಕು ಅಂತ ಆಗ ಕೂಗಿದೆವು. ಐದು ವರ್ಷ ಆಯಿತು. 2023ರ ನವೆಂಬರಿನಲ್ಲಿ ಬನಘಟ್ಟದ ಹತ್ತಿರ ಕಾರು ಅದೇ ನಾಲೆಗೆ ಬಿತ್ತು. 5 ಜನ. ಮತ್ತೆ ತಡೆಗೋಡೆ ಬೇಕು ಅಂತ ಕೂಗಿದೆವು. ವಿಶ್ವೇಶ್ವರಯ್ಯ ಅಂತ ಹೆಸರಿಟ್ಟುಕೊಂಡ ನಾಲೆ ಅದು. ಅದರ ದಡಕ್ಕೆ ಒಂದು ಗೋಡೆ ಕಟ್ಟೋಕೆ ಯಾವ ಎಂಜಿನಿಯರಿಂಗ್ ಬೇಕು? ಕಲ್ಲು, ಸಿಮೆಂಟು, ಬಿಲ್ಲು. ಅಷ್ಟೇ ತಾನೇ? ಸಾಕಾಗಿದೆ ನನಗೆ.

ಇವತ್ತು ಬೆಳಿಗ್ಗೆ ಈ ಪೇಪರ್ ಹಿಡಿದುಕೊಂಡೇ ಟೀ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಳೇ ಶಿಷ್ಯ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಈಗ ಹಾಲಿನ ಲೆಕ್ಕವನ್ನು ಅಂಗಡಿಯ ಹಲಗೆ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಇಡುತ್ತಾನೆ, ಒಂದು ಪೈಸೆ ತಪ್ಪುವುದಿಲ್ಲ. ಬ್ಲ್ಯಾಕ್ ಸ್ಪಾಟ್ ನಿಯಮ ಓದಿ ಹೇಳಿದೆ. ಅವನು ಹಲಗೆಯ ಮೂಲೆ ತೋರಿಸಿದ. ಅಲ್ಲಿ ಬೇರೆ ಗೆರೆಗಳಿದ್ದವು. ಅಂಗಡಿ ಮುಂದಿನ ಸರ್ಕಲ್ಲಿನಲ್ಲಿ ಬಿದ್ದವರ ಲೆಕ್ಕವಂತೆ. ಸಣ್ಣಪುಟ್ಟ ತರಚು ಲೆಕ್ಕಕ್ಕಿಲ್ಲ, ಆಂಬುಲೆನ್ಸ್ ಬಂದಿದ್ದು ಮಾತ್ರ.

‘ಮೂರು ವರ್ಸಕ್ಕೆ ಐದು ಗೆರೆ ಸಾ. ಪಾಸಾ?’

‘ಪಾಸು ಕಣಯ್ಯ’ ಅಂದೆ. ಅವನಿಗೆ ಖುಷಿಯೋ ಖುಷಿ. ಜೀವನದಲ್ಲಿ ಮೊದಲ ಸಲ ನನ್ನ ಬಾಯಲ್ಲಿ ಆ ಮಾತು ಕೇಳಿದ್ದ. ಬೋರ್ಡು ಬರುತ್ತೆ, ಸಿಗ್ನಲ್ಲು ಬರುತ್ತೆ, ಅಂತ ಅಲ್ಲಿದ್ದವರಿಗೆಲ್ಲ ಹೇಳಿದ. ಟೀ ದುಡ್ಡು ಬೇಡ ಅಂದ.

ಲೋಟ ಇಟ್ಟು ಏಳುವಾಗ ಕೇಳಿದೆ, ‘ಎಲ್ಲದಕ್ಕೂ ಕೇಸ್ ಆಗಿದೆ ತಾನೇ?’

‘ನಾಕಕ್ಕೆ ಆಗದೆ ಸಾ. ಈ ಕೊನೇದು ನಂದೇ. ಹೋದ್ ವರ್ಸ ಕಾರ್‌ನವ್ನು ಗುದ್ದಿದ್ನಲ್ಲ.’ ಎಡಗಾಲು ಮುಂದಿಟ್ಟ. ಒಳಗೆ ರಾಡು ಇದೆ, ಚಳಿಗಾಲದಲ್ಲಿ ಕುಂಟುತ್ತಾನೆ. ‘ಅಲ್ಲೇ ಇಪ್ಪತ್ತು ಸಾವ್ರ ಕೊಟ್ಟ. ಕೋರ್ಟು ಕಚೇರಿ ಯಾಕೆ ಅಂತ ರಾಜಿ ಆದೋ.’

‘ಕೇಸ್ ಇಲ್ಲ ಅಂದ್ರೆ ಅದು ಅಪಘಾತವೇ ಅಲ್ಲ ಕಣಯ್ಯ.’

‘ಹಂಗಾರೆ ಈ ರಾಡು?’

ಅದಕ್ಕೆ ನನ್ನ ಹತ್ತಿರ ಸೂತ್ರ ಇರಲಿಲ್ಲ. ಅವನು ಸ್ವಲ್ಪ ಹೊತ್ತು ಹಲಗೆ ನೋಡಿದ. ಆಮೇಲೆ ಹೆಬ್ಬೆಟ್ಟಿಗೆ ಎಂಜಲು ಹಚ್ಚಿ ಕೊನೆಯ ಗೆರೆ ಒರೆಸಿದ.

‘ತಕಳಿ ಸಾ. ನಮ್ ಸರ್ಕಲ್ನಲ್ಲೂ ಇಳಿಕೆ ಆಯ್ತು.’