ಮೀಸಲು ದಿನಗಳು ಯಾರ ಸ್ವತ್ತು?

ಜಪಾನಿನ ಒಸಾಕಾಕ್ಕೆ ಬರುವ ಮುನ್ನ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿದ ವರ್ಷಗಳಲ್ಲಿ ನಾನು ಕಲಿತ ಮೊದಲ ಲೆಕ್ಕವೆಂದರೆ, ಐದು ದಿನದ ಕೆಲಸಕ್ಕೆ ಹತ್ತು ದಿನ ಬೇಕೆಂದು ಹೇಳುವುದು. ಮ್ಯಾನೇಜರ್ ಅದನ್ನು ಏಳಕ್ಕೆ ಇಳಿಸುತ್ತಾರೆಂದು ನಮಗೆ ಗೊತ್ತಿತ್ತು. ನಾವು ಹೆಚ್ಚಿಸಿ ಹೇಳಿದ್ದೇವೆಂದು ಅವರಿಗೂ ಗೊತ್ತಿತ್ತು. ಆ ಏಳು ದಿನದ ಕೆಲಸ ಐದೇ ದಿನಕ್ಕೆ ಮುಗಿದರೂ ಯಾರೂ ಬಾಯಿ ಬಿಡುತ್ತಿರಲಿಲ್ಲ, ಏಕೆಂದರೆ ಹೇಳಿದವರಿಗೆ ಮುಂದಿನ ಸಲ ಐದೇ ದಿನ ಸಿಗುತ್ತಿತ್ತು. ಹೀಗೆ ಉಳಿಕೆಯಾದ ದಿನಗಳು ಸದ್ದಿಲ್ಲದೆ ಕರಗಿಹೋಗಿ, ತಡವಾದ ದಿನಗಳು ಮಾತ್ರ ಮುಂದಿನವರ ತಲೆಯ ಮೇಲೆ ಬೀಳುತ್ತಿದ್ದವು.

ಕೆಲಸವು ತನಗೆ ಸಿಕ್ಕ ಸಮಯವನ್ನೆಲ್ಲ ತುಂಬಿಕೊಳ್ಳುವಷ್ಟು ಹಿಗ್ಗುತ್ತದೆ ಎಂದು ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1955ರಲ್ಲಿ ಬರೆದದ್ದನ್ನು ನೌಕರರ ಸೋಮಾರಿತನಕ್ಕೆ ಸಾಕ್ಷಿಯೆಂಬಂತೆ ಹೇಳುವವರಿದ್ದಾರೆ. ನಾನು ಕಂಡದ್ದು ಸೋಮಾರಿತನವಲ್ಲ, ಅಂಜಿಕೆ.

ಈ ಗಂಟನ್ನು ಬಿಡಿಸಲು ಇಸ್ರೇಲಿನ ನಿರ್ವಹಣಾ ಚಿಂತಕ ಎಲಿಯಾಹು ಗೋಲ್ಡ್‌ರ್ಯಾಟ್ 1997ರಲ್ಲಿ ಮುಂದಿಟ್ಟ ಕ್ರಿಟಿಕಲ್ ಚೈನ್ ಪದ್ಧತಿಯು, ಪ್ರತಿಯೊಬ್ಬರೂ ತಮ್ಮ ಅಂದಾಜಿನೊಳಗೆ ಬಚ್ಚಿಟ್ಟ ದಿನಗಳನ್ನು ಹೊರತೆಗೆದು, ಅವುಗಳ ಅರ್ಧದಷ್ಟನ್ನು ಯೋಜನೆಯ ಕೊನೆಯಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ಮೀಸಲಿಡಬೇಕೆನ್ನುತ್ತದೆ. ಒಂದರ ಹಿಂದೊಂದು ನಡೆಯುವ ತಲಾ ಹತ್ತು ದಿನದ ಐದು ಕೆಲಸಗಳಿದ್ದು, ಪ್ರತಿಯೊಂದರಲ್ಲೂ ಐದು ದಿನ ಭದ್ರತೆಗೆಂದು ಸೇರಿಸಿದ್ದರೆ, 50 ದಿನದ ಯೋಜನೆಯು 25 ದಿನದ ಕೆಲಸ ಮತ್ತು ಸುಮಾರು 12 ದಿನದ ಬಫರ್, ಅಂದರೆ ಮೀಸಲು, ಸೇರಿ 37 ದಿನಕ್ಕೆ ಇಳಿಯುತ್ತದೆ. ಐದೂ ಕೆಲಸಗಳು ಒಂದೇ ಯೋಜನೆಯಲ್ಲಿ ಕೈಕೊಡುವುದು ಅಪರೂಪವಾದ್ದರಿಂದ ಅರ್ಧ ಸಾಕಾಗುತ್ತದೆ.

ಲೆಕ್ಕ ಸುಲಭ, ಜನರನ್ನು ನಂಬಿಸುವುದು ಕಷ್ಟ. ಭದ್ರತೆಯನ್ನು ತೆಗೆದ ಐದು ದಿನದ ಅಂದಾಜು ಸರಿಸುಮಾರು ಅರ್ಧದಷ್ಟು ಸಲ ತಪ್ಪಿಯೇ ತಪ್ಪುತ್ತದೆ. ಆರನೇ ದಿನ ವಿವರಣೆ ಕೇಳುವ ಮ್ಯಾನೇಜರ್ ಇದ್ದಲ್ಲಿ, ಮುಂದಿನ ಯೋಜನೆಯ ಹೊತ್ತಿಗೆ ಎಲ್ಲರೂ ಮತ್ತೆ ದಿನಗಳನ್ನು ಬಚ್ಚಿಡಲು ಆರಂಭಿಸುತ್ತಾರೆ. ಒಸಾಕಾದ ನಮ್ಮ ತಂಡದಲ್ಲಿ ವಾರಕ್ಕೊಮ್ಮೆ ಕೇಳುವ ಪ್ರಶ್ನೆ ಒಂದೇ: ಇನ್ನು ಎಷ್ಟು ದಿನ ಬೇಕು? ಶೇಕಡಾ ಎಷ್ಟು ಮುಗಿಯಿತೆಂದು ಕೇಳುವುದಿಲ್ಲ. ಅರ್ಧ ಕೆಲಸ ಮುಗಿದಾಗ ಬಫರಿನ ಮೂರನೇ ಒಂದು ಭಾಗ ಖರ್ಚಾಗಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಮೂರನೇ ಎರಡು ಭಾಗ ಖರ್ಚಾಗಿದ್ದರೆ, ತಡವಾದವರನ್ನು ದೂರುವ ಬದಲು ಅವರ ನೆರವಿಗೆ ಇನ್ನೊಬ್ಬರನ್ನು ಕೊಡುತ್ತಾರೆ.

ಆದರೆ ಜಪಾನಿನದೆಲ್ಲ ಸರಿಯೆಂದು ನಾನು ಹೇಳಲಾರೆ. 2005ರ ಏಪ್ರಿಲ್ 25ರಂದು ಇಲ್ಲಿಗೆ ಸಮೀಪದ ಅಮಗಸಾಕಿಯಲ್ಲಿ ರೈಲು ಹಳಿ ತಪ್ಪಿ, ಚಾಲಕನೂ ಸೇರಿ 107 ಮಂದಿ ಸತ್ತರು. ಸುಮಾರು ಒಂದೂವರೆ ನಿಮಿಷ ತಡವಾಗಿದ್ದ ಆ ರೈಲು, ಗಂಟೆಗೆ 70 ಕಿಲೋಮೀಟರ್ ಮಿತಿಯಿದ್ದ ತಿರುವಿಗೆ ಸುಮಾರು 116 ಕಿಲೋಮೀಟರ್ ವೇಗದಲ್ಲಿ ನುಗ್ಗಿತ್ತು. ವೇಳಾಪಟ್ಟಿಯಲ್ಲಿ ಬಿಡುವು ತೀರಾ ಕಡಿಮೆಯಿದ್ದದ್ದೂ, ತಪ್ಪು ಮಾಡಿದ ಚಾಲಕರನ್ನು ಅವಮಾನಕರವಾದ ಮರುತರಬೇತಿಗೆ ಹಾಕುತ್ತಿದ್ದದ್ದೂ ಆಗ ಬಹಿರಂಗ ಚರ್ಚೆಗೆ ಬಂದವು. ಬಳಿಕ ವೇಳಾಪಟ್ಟಿಗೆ ಬಿಡುವು ಸೇರಿಸಲಾಯಿತು. ಬಿಡುವಿನ ಕೊರತೆ ಮತ್ತು ಶಿಕ್ಷೆಯ ಭಯ ಎರಡೂ ಒಟ್ಟಿಗೆ ಮನುಷ್ಯನ ಮೇಲೆ ಬೀಳುವುದನ್ನು ನೆನೆದಾಗಲೆಲ್ಲ, ನನಗೆ ನಮ್ಮ ಬೆಂಗಳೂರಿನ ಹುಡುಗರು ಸಾಫ್ಟ್‌ವೇರ್ ಬಿಡುಗಡೆಯ ಹಿಂದಿನ ರಾತ್ರಿ ಪರೀಕ್ಷೆಗಳನ್ನು ಹಾರಿಸಿ ಕೋಡ್ ಒಪ್ಪಿಸುವುದು ಕಣ್ಣ ಮುಂದೆ ಬರುತ್ತದೆ.

ಈ ವರ್ಷ ಬೆಂಗಳೂರಿನ ತಂಡದೊಡನೆ ಆರಂಭಿಸಿದ ಯೋಜನೆಯಲ್ಲಿ ಮೀಸಲು ದಿನಗಳನ್ನು ಮೊದಲ ಪುಟದಲ್ಲೇ ಬರೆದು, ಅವನ್ನು ಮೇಲಿನವರು ಕಡಿತಗೊಳಿಸುವುದಿಲ್ಲವೆಂಬ ಒಪ್ಪಿಗೆಯನ್ನು ಮುಂಚಿತವಾಗಿ ಪಡೆದೆವು. ಮೊದಲೆರಡು ವಾರ ಯಾರಿಗೂ ನಂಬಿಕೆ ಬರಲಿಲ್ಲ. ಮೂರನೇ ವಾರ ಕಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಭಾಗ ಎರಡು ದಿನ ಮುಂಚೆಯೇ ಮುಗಿಯಿತೆಂದು ತಾವಾಗಿಯೇ ಹೇಳಿದರು. ಆ ಎರಡು ದಿನಗಳು ಎಲ್ಲರ ಮೀಸಲಿಗೆ ಸೇರಿದವು. ಅವರ ಮುಂದಿನ ಅಂದಾಜನ್ನು ಯಾರೂ ಮುಟ್ಟಲಿಲ್ಲ.