ರಿಬ್ಬನ್ ಕತ್ತರಿಸೋ ಮಗ, ಕಾಯಿಲೆ ಹೇಳ್ಕೊಂಡ ಮಗ

ಅಲ್ಲ ಮಾರಾಯ್ರೆ, ನಮ್ಮೂರಿನ ಆರೋಗ್ಯ ಶಿಬಿರಕ್ಕೆ ಈ ಫ್ಲೆಕ್ಸ್ ಬರೆಸೋರಿಗೆ ಸ್ವಲ್ಪನೂ ನಾಚಿಕೆ ಆಗಲ್ವಾ? "ಜನಾರೋಗ್ಯದ ಹರಿಕಾರ, ಯುವ ಕಣ್ಮಣಿ" ಅಂತೆ. ಅಪ್ಪನ ಹೆಸರಲ್ಲಿ ರಾಜಕೀಯಕ್ಕೆ ಬಂದ ಈ ಹುಡುಗ ಆರೋಗ್ಯಕ್ಕೆ ಅಂತ ಇವತ್ತಿನವರೆಗೆ ಮಾಡಿರೋದು ಒಂದು ರಿಬ್ಬನ್ ಕತ್ತರಿಸಿದ್ದು, ಅದೂ ಒಂದೂವರೆ ಗಂಟೆ ಲೇಟಾಗಿ ಬಂದು. ಪಕ್ಷ ಯಾವ್ದು ಅಂತ ಕೇಳ್ಬೇಡಿ, ಎಲ್ಲಾ ಪಕ್ಷದಲ್ಲೂ ಒಂದೊಂದು ಕಣ್ಮಣಿ ಇದೆ. ಬಿಪಿ ನೋಡಿದ್ರು, ಶುಗರ್ ನೋಡಿದ್ರು, ಕನ್ನಡಕ ಕೊಟ್ರು, ಸರಿ, ಬೇಡ ಅನ್ನಲ್ಲ. ಆದ್ರೆ ತೋಟದ ಕೆಲಸದವರ ಲೈನ್ ಮನೆಯ ಒಬ್ಬ ಹೆಂಗಸು ಬಂದು, ಗಂಡ ರಾತ್ರಿಯಿಡೀ ಮಲಗಲ್ಲ, ಯಾರೋ ಕರೀತಾ ಇದ್ದಾರೆ ಅಂತ ಕತ್ತಲಲ್ಲಿ ತೋಟಕ್ಕೆ ಇಳೀತಾನೆ, ಯಾವ ಡಾಕ್ಟ್ರಿಗೆ ತೋರಿಸ್ಲಿ ಅಂತ ಕೇಳಿದ್ದಕ್ಕೆ ಬ್ಯಾಡ್ಜ್ ಹಾಕ್ಕೊಂಡಿದ್ದ ಒಬ್ಬ "ಅದೆಲ್ಲ ಇಲ್ಲಿ ಬೇಡಮ್ಮ, ನಿಂದೊಂದು ಬಿಪಿ ನೋಡಿಸ್ಕೊಂಡು ಹೋಗು" ಅಂತ ಅವಳನ್ನ ಸಾಲಿಗೆ ತಳ್ಳಿದ. ಸ್ಟೇಜಲ್ಲಿ ಕಣ್ಮಣಿ ಮೈಕ್ ಹಿಡಿದು ಯೋಗ ಮಾಡಿ, ಕುಡಿಬೇಡಿ, ಮೊಬೈಲ್ ಬಿಡಿ, ಎಲ್ಲಾ ಸರಿ ಹೋಗ್ತದೆ ಅಂತಿದ್ದ. ಚಪ್ಪಾಳೆ ಬೇರೆ.

ನಂಗೆ ಆಗ ನೆನಪಾಗಿದ್ದು ಪ್ಯಾಟ್ರಿಕ್ ಕೆನಡಿ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಯ ತಮ್ಮ ಟೆಡ್ ಕೆನಡಿ, ಸಾಯೋವರೆಗೂ ಅಮೆರಿಕದ ಸೆನೆಟರ್ ಆಗಿದ್ದವರು, ಅವರ ಕೊನೇ ಮಗ. ಇವನೂ ಅಪ್ಪನ ಹೆಸರಲ್ಲೇ ಮೇಲೆ ಬಂದವನು, ಅದ್ರಲ್ಲಿ ಸಂಶಯ ಬೇಡ. ಹದಿವಯಸ್ಸಲ್ಲೇ ಕೊಕೇನ್ ಚಟಕ್ಕೆ ಚಿಕಿತ್ಸೆ ತಗೊಂಡಿದ್ದ, 1988ರಲ್ಲಿ 21ನೇ ವಯಸ್ಸಿಗೆ ಇನ್ನೂ ಕಾಲೇಜಲ್ಲಿರುವಾಗಲೇ ರೋಡ್ ಐಲ್ಯಾಂಡ್ ಅನ್ನೋ ಪುಟ್ಟ ರಾಜ್ಯದ ಶಾಸಕ, 1995ಕ್ಕೆ ಸಂಸದ. ಬೇರೆಯವರ ಮನೆ ಹುಡುಗನಾಗಿದ್ರೆ ವಾರ್ಡ್ ಮೆಂಬರ್ ಟಿಕೆಟ್ಟೂ ಸಿಗ್ತಿರ್ಲಿಲ್ಲ.

2006ರ ಮೇ 4ರ ನಸುಕಿನಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದ ಹತ್ರ ಇವನ ಕಾರು ತಡೆಗೋಡೆಗೆ ಗುದ್ದಿತು. ಸಂಸತ್ತಲ್ಲಿ ಓಟ್ ಹಾಕೋಕೆ ಲೇಟಾಗ್ತಿದೆ ಅಂದ್ನಂತೆ ಪೊಲೀಸ್ರಿಗೆ, ರಾತ್ರಿ ಎರಡೂ ಮುಕ್ಕಾಲಿಗೆ! ಪೊಲೀಸ್ರೂ ದೊಡ್ಡ ಮನೆ ಹುಡುಗ ಅಂತ ಕುಡಿದಿದ್ದಾನಾ ಅಂತ ಪರೀಕ್ಷೆ ಕೂಡ ಮಾಡ್ದೆ ಮನೆಗೆ ಬಿಟ್ಟು ಬಂದ್ರು. ಇಲ್ಲಿವರೆಗೆ ನಮ್ಮೂರಿನ ಕಥೆನೇ. ನಮ್ಮಲ್ಲಾದ್ರೆ ಬೆಳಗಾಗೋದ್ರೊಳಗೆ ಒಬ್ಬ ಡ್ರೈವರ್ ಸ್ಟೇಷನ್ನಿಗೆ ಹೋಗಿ ನಾನೇ ಓಡಿಸ್ತಿದ್ದೆ ಸಾರ್ ಅಂತಿದ್ದ. ಇವನು ಮಾರನೇ ದಿನ ಪತ್ರಕರ್ತರ ಮುಂದೆ ನಿಂತು, ನಂಗೆ ಚಟದ ಕಾಯಿಲೆ ಇದೆ, ಮಾನಸಿಕ ಕಾಯಿಲೆ ಇದೆ, ಮೇಯೋ ಕ್ಲಿನಿಕ್ ಅನ್ನೋ ದೊಡ್ಡ ಆಸ್ಪತ್ರೆಗೆ ಸೇರ್ತಾ ಇದ್ದೀನಿ ಅಂದ. ಕೋರ್ಟಲ್ಲಿ ತಪ್ಪೊಪ್ಪಿಕೊಂಡ. ಅದೇ ವರ್ಷ ನವೆಂಬರಲ್ಲಿ ಜನ ಇವನನ್ನೇ ಮತ್ತೆ ಗೆಲ್ಲಿಸಿದ್ರು. ಕಾಯಿಲೆ ಹೇಳ್ಕೊಂಡ್ರೆ ಓಟು ಹೋಗ್ತದೆ ಅನ್ನೋರು ಇದನ್ನ ಸ್ವಲ್ಪ ನೋಡ್ಬೇಕು.

ಹೇಳ್ಕೊಂಡು ಸುಮ್ನೆ ಕೂತಿದ್ರೆ ನಾನೂ ಇಷ್ಟು ಉದ್ದ ಬರೀತಿರ್ಲಿಲ್ಲ. ವಿರೋಧ ಪಕ್ಷದ ಜಿಮ್ ರಾಮ್‌ಸ್ಟಾಡ್, ಅವರೂ ಕುಡಿತ ಬಿಟ್ಟವರು, ಇವನ ಬೆನ್ನಿಗೆ ನಿಂತ್ರು. ಇಬ್ರೂ ಸೇರಿ ಬೇರೆ ಬೇರೆ ಊರಲ್ಲಿ ಸಭೆ ಮಾಡಿ, ಇನ್ಶೂರೆನ್ಸ್ ಕಂಪನಿಗಳು ಹೊರಗೆ ಹಾಕಿದವರ ಕಥೆ ಕೇಳಿದ್ರು. 2008ರ ಅಕ್ಟೋಬರ್ 3ಕ್ಕೆ ಕಾನೂನು ಬಂತು, ಅದೂ ಬ್ಯಾಂಕುಗಳನ್ನ ಉಳಿಸೋ ದೊಡ್ಡ ಮಸೂದೆಯ ಜೊತೆಲಿ ಸೇರ್ಕೊಂಡು. ವಿಷಯ ಇಷ್ಟೇ: ಪಾಲಿಸಿಲಿ ಮನಸ್ಸಿನ ಕಾಯಿಲೆಗೆ, ಚಟಕ್ಕೆ ಕವರ್ ಇದೆ ಅಂತ ಬರೆದ್ಮೇಲೆ ಅದಕ್ಕೆ ಬೇರೆ ಲೆಕ್ಕ ಇಲ್ಲ. ಹಾರ್ಟಿಗೆ ಎಷ್ಟು ದಿನ ಬೇಕಾದ್ರೂ ಆಸ್ಪತ್ರೆ, ತಲೆಗೆ ಮಾತ್ರ ಇಷ್ಟೇ ದಿನ, ನಿನ್ನ ಕೈಯಿಂದ ಇಷ್ಟು ಜಾಸ್ತಿ ಕಟ್ಟು, ಅದು ನಡೆಯಲ್ಲ.

ಕಂಪನಿಗಳು ಬಿಡ್ತಾವಾ, ಸಂದು ಹುಡುಕಿದ್ವು. ಅದಕ್ಕೇ ಇವನು 2011ರಲ್ಲಿ ಸಂಸತ್ತು ಬಿಟ್ಟ ಮೇಲೂ, 2013ರಲ್ಲಿ ಕೆನಡಿ ಫೋರಂ ಅಂತ ಒಂದು ಸಂಸ್ಥೆ ಶುರು ಮಾಡಿ ಅದೇ ಕಾನೂನಿನ ಹಿಂದೆ ಬಿದ್ದಿದ್ದಾನೆ.

ನಮ್ಮಲ್ಲೂ ಇದೆ ಸ್ವಾಮಿ ಕಾನೂನು! ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಸೆಕ್ಷನ್ 21(4) ಓದಿ, ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡ್ಬೇಕು ಅಂತಿದೆ. ಕೊಡಿ ಅಂತ ವಿಮಾ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ ಎಲ್ಲಾ ಕಂಪನಿಗೂ ಸುತ್ತೋಲೆ ಕಳ್ಸಿದ್ದು 2018ರ ಆಗಸ್ಟ್ 16ಕ್ಕೆ. ಆ ತಾರೀಕು ಕೊಡಗಿನವರಿಗೆ ಬೇರೆ ಹೇಳ್ಬೇಕಾ? ಅವರು ಅಲ್ಲಿ ಸುತ್ತೋಲೆಗೆ ಸೈನ್ ಹಾಕ್ತಿರುವಾಗ ಇಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರ್ತಾ ಇತ್ತು. ಆಮೇಲೆ ಅಕ್ಕಿ ಬಂತು, ಕಂಬಳಿ ಬಂತು, ಸೆಲ್ಫಿ ತಗೊಳ್ಳೋರೂ ಬಂದ್ರು. ಜೋರು ಮಳೆ ಶೀಟಿನ ಮೇಲೆ ಬಿದ್ದ ಕೂಡ್ಲೇ ಎದ್ದು ಕೂರೋರ ಬಗ್ಗೆ ಯಾವ ಕಣ್ಮಣಿನೂ ಸ್ಟೇಜಲ್ಲಿ ಮಾತಾಡಿದ್ದು ನಾ ಕೇಳಿಲ್ಲ.

ಎದ್ದು ಕೂರೋರಲ್ಲಿ ನಾನೂ ಒಬ್ಬ. ಆವತ್ತಿನಿಂದ ಮಾತ್ರೆ ತಗೊಳ್ತಾ ಇದ್ದೀನಿ, ಈಗ ಗೊತ್ತಾಯ್ತಲ್ಲ, ಗ್ಯಾಸ್ಟ್ರಿಕ್ಕಾ ಅಂತ ಕೇಳೋದು ಇನ್ಮೇಲೆ ಬಿಡಿ.

ಆ ಕಾಯ್ದೆ, ಸುತ್ತೋಲೆ ಎಲ್ಲ ಕಾಗದದ ಮೇಲೆ ಮಾತ್ರ ಅಂತ ಗೊತ್ತಾಗಿದ್ದು ನಮ್ಮ ಚಿಕ್ಕಮ್ಮನ ಮಗನ್ನ ಮನಸ್ಸಿನ ಕಾಯಿಲೆಗೆ ಅಡ್ಮಿಟ್ ಮಾಡಿದಾಗ. ಒಳ್ಳೆ ಪಾಲಿಸಿ, ವರ್ಷ ವರ್ಷ ಕಟ್ಟಿದ್ದು. ಕ್ಲೇಮ್ ಹಾಕಿದ್ರೆ ಕಂಪನಿಯಿಂದ ಎರಡು ಸಾಲಿನ ಮೇಲ್, ಮಾನಸಿಕ ಕಾಯಿಲೆಗೆ ಕವರ್ ಇಲ್ಲ ಅಂತ. ಕಾಯ್ದೆ ಬಂದು ಇಷ್ಟು ವರ್ಷ ಆದ್ಮೇಲೆ! ಚಿಕ್ಕಮ್ಮ ಅಂದಿದ್ದು, "ಹೋಗ್ಲಿ ಬಿಡು ಮಗಾ, ದುಡ್ಡು ಹೋದ್ರೂ ಪರವಾಗಿಲ್ಲ, ವಿಷಯ ಹೊರಗೆ ಹೋಗೋದು ಬೇಡ." ಕಂಪನಿಗೆ ಬೇಕಾಗಿರೋದೂ ಅದೇ ಅಲ್ವಾ? ನಾಚಿಕೆ ಇರೋವರೆಗೆ ಕ್ಲೇಮ್ ಬರಲ್ಲ. ಶಿಬಿರಕ್ಕೆ ಬಂದ ಹುಡುಗ ಮೈಕಲ್ಲಿ ಒಂದೇ ಒಂದು ಸಲ, ನಮ್ಮನೇಲೂ ಒಬ್ರು ಇದಕ್ಕೆ ಮಾತ್ರೆ ತಗೊಳ್ತಾರೆ ಅಂದಿದ್ರೆ ಚಿಕ್ಕಮ್ಮನಿಗೆ ಎಷ್ಟು ಧೈರ್ಯ ಬರ್ತಿತ್ತು. ಯಾಕೆ, ಅವರ ಮನೇಲಿ ಯಾರಿಗೂ ಏನೂ ಆಗಲ್ವಾ? ದೊಡ್ಡ ಮನೆಯವರೆಲ್ಲ ಬರೀ ಬಿಪಿಲೇ ಸಾಯೋದಾ?

ನಿನ್ನೆ ಇದನ್ನೇ ಹೇಳಿದ್ದಕ್ಕೆ ನನ್ನ ಸ್ನೇಹಿತನೊಬ್ಬ ಶುರು ಮಾಡಿದ, ಕೆನಡಿಗೇನಪ್ಪ, ದುಡ್ಡಿತ್ತು, ಮೇಯೋ ಕ್ಲಿನಿಕ್ ಇತ್ತು, ಅವನು ಹೇಳ್ಕೊಂಡ್ರೂ ನಡೀತದೆ, ಮನೆ ಮರ್ಯಾದೆ ಬೀದಿಗೆ ತಂದ ಬೇರೆ ಅಂತ. ಸರಿ, ದುಡ್ಡಿತ್ತು. ನಮ್ಮ ಕಣ್ಮಣಿಗಳಿಗೆ ಇಲ್ವಾ? ಫ್ಲೆಕ್ಸ್ ಬಿಲ್ಲು ಯಾರು ಕೊಟ್ರು? ಮರ್ಯಾದೆ ವಿಷಯಕ್ಕೆ ಬಂದ್ರೆ, 2015ರಲ್ಲಿ ಇವನು ಪುಸ್ತಕದಲ್ಲಿ ಅಪ್ಪ, ಅಮ್ಮನ ಕುಡಿತನೂ ಬರೆದಾಗ ಸ್ವಂತ ಅಣ್ಣನೇ ಪೇಪರಲ್ಲಿ ಬೇಜಾರು ಹೇಳ್ಕೊಂಡ, ನಿಜ. ಆದ್ರೆ ಅದೇ ಮನೇಲಿ ಮರ್ಯಾದೆ ಕಾಪಾಡಿದ್ದು ಹೇಗಿತ್ತು ಗೊತ್ತಾ? 1941ರಲ್ಲಿ ಇವನ ಅತ್ತೆ ರೋಸ್‌ಮೇರಿಗೆ 23 ವರ್ಷ, ಅವಳಪ್ಪ ಲೊಬೊಟಮಿ, ಅಂದ್ರೆ ಮೆದುಳಿನ ನರದ ಎಳೆ ಕತ್ತರಿಸೋ ಆಪರೇಷನ್, ಮಾಡಿಸಿದ್ರು, ನಡೆಯೋಕೆ ಮಾತಾಡೋಕೆ ಆಗ್ದೆ ಹೋಯ್ತು, ಆಮೇಲೆ ಎಷ್ಟೋ ವರ್ಷ ಅವಳನ್ನ ಲೋಕದ ಕಣ್ಣಿಗೇ ಬೀಳದ ಹಾಗೆ ಇಟ್ರು. ಆ ಮರ್ಯಾದೆ ನಮಗೆ ಬೇಡ. (ಅದೇ ಮನೆಯ ರಾಬರ್ಟ್ ಕೆನಡಿ ಜೂನಿಯರ್, ಇವನ ದೊಡ್ಡಪ್ಪನ ಮಗ, ಲಸಿಕೆ ಮೇಲೆ ಅನುಮಾನ ಹಬ್ಬಿಸ್ಕೊಂಡೇ 2025ರಲ್ಲಿ ಆರೋಗ್ಯ ಮಂತ್ರಿ ಆದ್ರು. ಅದಕ್ಕೆ ಅಪ್ಪನ ಹೆಸರು ನೋಡಿ ಯಾರಿಗೂ ಶಾಲು ಹೊದೆಸ್ಬೇಡಿ ಅನ್ನೋದು.)

ಆ ಲೈನ್ ಮನೆ ಹೆಂಗಸಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದು ಕೊಟ್ಟಿದ್ದೀನಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಗಂಡನ್ನ ಮಡಿಕೇರಿ ಜಿಲ್ಲಾಸ್ಪತ್ರೆಗೂ ಕರ್ಕೊಂಡು ಹೋಗು ಅಂದಿದ್ದೀನಿ. ಚಿಕ್ಕಮ್ಮನನ್ನ ಒಪ್ಪಿಸೋಕೆ ಸಾಕುಬೇಕಾಯ್ತು, ಕೊನೆಗೂ ಸೆಕ್ಷನ್ 21(4) ಅಂತ ಬರೆದು ಕಂಪನಿ ಮೇಲೆ ವಿಮೆ ತಕರಾರು ಕೇಳೋ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ದೂರು ಹಾಕಿದ್ದೀವಿ, ಉತ್ತರ ಬಂದಾಗ ಇಲ್ಲೇ ಹಾಕ್ತೀನಿ. ಇದೇ ಥರ ಕ್ಲೇಮ್ ರಿಜೆಕ್ಟ್ ಆದವ್ರು ಇನ್‌ಬಾಕ್ಸಿಗೆ ಬಂದು ಪಿಸುಗುಟ್ಟಬೇಡಿ, ಕಮೆಂಟಲ್ಲೇ ಬರೀರಿ.